ಇಂತಿ ನಿಮ್ಮ ಲೋಂಢೆ

ರಾತ್ರಿ ಒಂಬತ್ತರ ಆ್ಯಂಕರ್ ಸಾಹೇಬರಿಗೆ,

ಪುಣೆಯಿಂದ ಶಿರಸಾಷ್ಟಾಂಗ ನಮಸ್ಕಾರ. ನಾವಿಲ್ಲಿ ಕ್ಷೇಮ. ತಮ್ಮ ಗಂಟಲೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಮೆಸ್ಸಿನಲ್ಲಿರುವುದು ಒಂದೇ ಟಿವಿ. ಕಲಬುರಗಿ, ವಿಜಯಪುರದ ಗೌಂಡಿ ಹುಡುಗರು ಉಣ್ಣಲು ಕೂತರೆ ತಮ್ಮ ಚಾನೆಲ್ಲು, ಮರಾಠಿ ಗಿರಾಕಿ ಬಂದರೆ ಮರಾಠಿ ಚಾನೆಲ್ಲು. ತಮ್ಮಲ್ಲಿ ‘ನುಸುಳುಕೋರ’, ಅಲ್ಲಿ ‘ಘುಸಖೋರ’. ತಮ್ಮಲ್ಲಿ ‘ವಲಸಿಗರ ಪ್ರವಾಹ’, ಅಲ್ಲಿ ‘ಪರಪ್ರಾಂತೀಯಾಂಚೇ ಲೋಂಢೆ’. ಲೋಂಢೆ ಅಂದರೆ ಉಕ್ಕಿ ನುಗ್ಗುವ ನೀರು. ತಟ್ಟೆ ಹಿಡಿದು ಎರಡನೇ ಸಲ ಸಾರಿಗೆ ಕಾಯುತ್ತಿದ್ದ ಹುಡುಗ ನೆರೆಹಾವಳಿ ಎಂದು ನನಗೆ ಗೊತ್ತೇ ಇರಲಿಲ್ಲ. (ಅಂದಹಾಗೆ ಆ ‘ಕೋರ’ ಎಂಬ ಬಾಲ ಫಾರಸಿಯಿಂದ ಬಂದದ್ದು. ಅದರ ಆಧಾರ್ ಯಾರೂ ಕೇಳಿಲ್ಲ.)

2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದ ಜೋಪಡಿಗಳಲ್ಲಿರುವವರು ‘ಬಾಂಗ್ಲಾದವರು’ ಎಂಬ ಕೂಗೆದ್ದಿತು, ವಿಡಿಯೊ ಓಡಾಡಿತು, ಜೆಸಿಬಿ ಬಂತು. ಬಿದ್ದ ತಗಡಿನಡಿ ಉತ್ತರ ಕರ್ನಾಟಕದವರ ಪಾತ್ರೆ-ಪಡಗವೂ ಇತ್ತು. ಪರಕೀಯರಾಗಲು ನಾವು ಭೀಮಾ ನದಿ ದಾಟಿ ಬರಬೇಕಾಯಿತು. ಅವರಿಗೆ ಬೆಂಗಳೂರೇ ಸಾಕಾಯಿತು!

ಗಡಿ ಜಗಳ ಕಾವೇರಿದ್ದ 2022ರ ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿ ಟೋಲ್‌ನಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಇಲ್ಲಿ ಸ್ವಾರಗೇಟ್ ಬಳಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಒಂದು ಭಾಷೆಯ ‘ಕಿಚ್ಚು’ ಇನ್ನೊಂದರಲ್ಲಿ ‘ಪುಂಡಾಟ’ವಾಯಿತು. ನಾನು ಮೆಸ್ಸಿನ ಬೋರ್ಡಿನ ಕನ್ನಡ ಸಾಲಿನ ಮೇಲೆ ಹಳೇ ಕ್ಯಾಲೆಂಡರ್ ತೂಗುಹಾಕಿದೆ. ಹನ್ನೆರಡು ವರ್ಷ ಉದ್ರಿ ಕೊಟ್ಟ ಕಿರಾಣಿ ಕಾಕಾ ಆ ಸಂಜೆ ಮೊದಲ ಸಲ ‘ತುಮ್ಹೀ ಕಾನಡೀ ಲೋಕ...’ ಎಂದು ಮಾತು ಶುರುಮಾಡಿದರು. ಒಳ್ಳೆಯ ಮನುಷ್ಯ. ಅಂಗಡಿಯಲ್ಲಿ ಟಿವಿ ಇದೆ, ಅಷ್ಟೆ.

ತಮ್ಮ ಕೈತಪ್ಪಿದ ಒಂದು ಬ್ರೇಕಿಂಗ್ ನ್ಯೂಸನ್ನು ಪುಕ್ಕಟೆಯಾಗಿ ಕೊಡುತ್ತೇನೆ, ಕೆಂಪು ಪಟ್ಟಿಯಲ್ಲಿ ಓಡಿಸಿ: ‘ಗದಗ ಸೀಮೆಯಿಂದ ಭಾರೀ ನುಸುಳುವಿಕೆ! 1953ರಿಂದಲೇ ಪುಣೆಯ ಸವಾಯಿ ಗಂಧರ್ವ ಉತ್ಸವ ವಶ! ರಾತ್ರಿಯಿಡೀ ಅಕ್ರಮ ಆಲಾಪ!’ ಆರೋಪಿ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತ ರತ್ನ ಘೋಷಣೆಯಾಯಿತು. ಅವರನ್ನು ಪುಣೆಯ ಯಾವ ರಸಿಕನೂ ಲೋಂಢೆ ಎಂದದ್ದು ಕೇಳಿಲ್ಲ. ಗೌಂಡಿಗಳಿಗೆ ಹಾಡಲು ಬರುವುದಿಲ್ಲ, ಅದೊಂದೇ ತಪ್ಪು.

ಕಡೆಯದಾಗಿ ಒಂದು ಅರಿಕೆ. ಒಂಬತ್ತರಿಂದ ಒಂಬತ್ತೂವರೆವರೆಗೆ ತುಸು ಸಣ್ಣಗೆ ಕೂಗಿ. ಹುಡುಗರು ಉಣ್ಣುವ ಹೊತ್ತು. ಕಾಕಾನ ಅಂಗಡಿಯೂ ಇನ್ನೂ ತೆರೆದಿರುತ್ತದೆ.