ಎಷ್ಟು ಚದರ ಕಟ್ತೀರ?

ಖಾಲಿ ಸೈಟಿನಲ್ಲಿ ಪಾಯ ತೋಡಲು ಶುರುವಾಯಿತು ಅಂದರೆ ನಮ್ಮ ಬಡಾವಣೆಯವರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಚದರ?’ ಹೆಸರು, ಊರು, ಕೆಲಸ ಎಲ್ಲ ಆಮೇಲೆ. ನೂರು ಚದರಡಿಗೆ ಒಂದು ಚದರ. ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ಹತ್ತು, ಮೇಲೆ ಹತ್ತು, ಬಾಡಿಗೆಗೆ ಇನ್ನೊಂದು ಮಹಡಿ ಅಂತ ಲೆಕ್ಕ ಏರುತ್ತಲೇ ಹೋಗುತ್ತದೆ. ಎಷ್ಟು ಕಿಟಕಿ, ಯಾವ ದಿಕ್ಕಿಗೆ, ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳುವುದಿಲ್ಲ. ಮನೆ ತಂಪಾಗಿರುತ್ತದೋ ಬೇಯುತ್ತದೋ ಅನ್ನುವುದು ನಿಂತಿರುವುದೇ ಆ ಕಿಟಕಿ, ದಿಕ್ಕುಗಳ ಮೇಲೆ.

ಈಗ ನಮ್ಮ ಕಾಂಪೌಂಡಿನ ಆಚೆ ಕಟ್ಟಿಸುತ್ತಿರುವವರು ಚಿಕ್ಕ ವಯಸ್ಸಿನ ದಂಪತಿ. ಇಬ್ಬರೂ ಕೆಲಸಕ್ಕೆ ಹೋಗುವವರು. ಪಾಯ ಎದ್ದಿದೆ, ಗೋಡೆ ಇನ್ನೂ ಶುರುವಾಗಿಲ್ಲ. ಸಂಜೆ ಆ ಹುಡುಗಿ ಬಂದು ಗಾಡಿ ನಿಲ್ಲಿಸಿ, ಕಾಂಕ್ರೀಟಿನ ಮೇಲೆ ಹೊದಿಸಿದ ಗೋಣಿಚೀಲ ಒಣಗಿದೆಯಾ ಅಂತ ಮುಟ್ಟಿ ನೋಡಿ ನೀರು ಹಾಕುತ್ತಾಳೆ. ನಾನು ಈಚೆ ಬಸಳೆ ಚಪ್ಪರದ ಹತ್ತಿರ ಇರುತ್ತೇನೆ. ಎದುರುಮನೆ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದು ಗೇಟಿಗೆ ಒರಗುತ್ತಾರೆ. ಮಾತು ಅಲ್ಲಿಂದ ಹೊರಡುತ್ತದೆ.

‘ಅಂಕಲ್, ನಿಮ್ಮನೇದು ಮಣ್ಣಿನ ಗೋಡೆ ಅಂತೆ ಹೌದಾ? ನಮ್ಮಪ್ಪ ಕೇಳಿ ಗಾಬರಿ ಆದ್ರು. ಮಳೆಗೆ ಕರಗಲ್ವಾ ಅಂದ್ರು.’

‘ಬಾಮ್ಮ, ಮುಟ್ಟಿ ನೋಡು’ ಅಂದೆ. ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿಲ್ಲ. ಬ್ಲಾಕುಗಳ ಕೆಂಪು ಬಣ್ಣ ಹಾಗೇ ಕಾಣುತ್ತದೆ. ಅವಳು ಉಗುರಿನಿಂದ ಕೆರೆದಳು, ಏನೂ ಉದುರಲಿಲ್ಲ. ಕೆಮ್ಮಣ್ಣು, ಮರಳು, ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟು ಕಲಸಿ, ಕೈ ಯಂತ್ರದಲ್ಲಿ ಒತ್ತಿ ತೆಗೆದ ಬ್ಲಾಕು ಇದು. ಗೂಡಿನಲ್ಲಿ ಸುಡುವುದಿಲ್ಲ. ಮೂರು ನಾಲ್ಕು ವಾರ ಮರೆಯಲ್ಲಿ ಜೋಡಿಸಿ ಒದ್ದೆಯಾಗಿಟ್ಟರೆ ಸಾಕು. ಇದರ ಹಿಂದಿನ ದೊಡ್ಡ ಕೆಲಸ ನಡೆದದ್ದು ಬೆಂಗಳೂರಿನಲ್ಲೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ‘ಅಸ್ತ್ರ’ ಅನ್ನುವ ಕೇಂದ್ರ ಶುರುಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ವರ್ಷಗಟ್ಟಲೆ ಮಣ್ಣನ್ನೇ ಹಿಡಿದು ಕೂತರು. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಸಾಕು ಈ ಬ್ಲಾಕಿಗೆ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ದಾರೆ. ಇಷ್ಟು ಒಳ್ಳೆಯ ವಿದ್ಯೆ ನಮ್ಮೂರಲ್ಲೇ ಬೆಳೆದಿದ್ದರೂ ನಮ್ಮ ಬಡಾವಣೆಗೆ ತಲುಪಿಲ್ಲವಲ್ಲ ಅಂತ ನನಗೆ ಬೇಜಾರು.

ಆದರೆ ಎಲ್ಲ ಮಣ್ಣೂ ಆಗಿಬರುವುದಿಲ್ಲ. ಅದನ್ನು ಅವಳಿಗೆ ಮಾಡಿಯೇ ತೋರಿಸಿದೆವು. ಸಂಪು ತೋಡಿದಾಗ ಬಂದ ಮಣ್ಣಿನ ಗುಡ್ಡೆ ಅಲ್ಲೇ ಇತ್ತು. ಮೇಲಿನ ಒಂದಡಿ ಬಿಟ್ಟು, ಬೇರುಕಡ್ಡಿ ಇಲ್ಲದ ಕಡೆಯಿಂದ ಒಂದಿಷ್ಟು ಮಣ್ಣು ತಂದು ಗಾಜಿನ ಬಾಟಲಿಗೆ ಅರ್ಧದಷ್ಟು ತುಂಬಿ, ನೀರು ಹಾಕಿ, ಒಂದು ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಕಾಂಪೌಂಡಿನ ಮೇಲಿಟ್ಟೆವು. ಮರುದಿನ ನೋಡಿದರೆ ತಳದಲ್ಲಿ ಮರಳು, ಅದರ ಮೇಲೆ ನಯವಾದ ಗೋಡು, ತುದಿಯಲ್ಲಿ ಜೇಡಿಯ ತೆಳು ಪದರ. ಜೇಡಿ ಜಾಸ್ತಿಯಾದರೆ ಬ್ಲಾಕು ಒಣಗುವಾಗ ಬಿರಿಯುತ್ತದೆ, ಆಗ ಮರಳು ಬೆರೆಸಬೇಕು. ಎರೆಮಣ್ಣಿನ ಸೀಮೆಯಲ್ಲಂತೂ ಈ ಮಣ್ಣಿನ ಆಸೆ ಬಿಟ್ಟು ಕಲ್ಲಿನ ಕಡೆ ನೋಡುವುದೇ ಸರಿ. ಅಲ್ಲಿಯವರು ಹಿಂದಿನಿಂದಲೂ ಮಾಡಿದ್ದು ಅದನ್ನೇ. ಕರಾವಳಿಯವರಿಗೆ ಮುರಕಲ್ಲಿದೆ, ಕಲಬುರಗಿ ಕಡೆ ಶಹಾಬಾದ್ ಕಲ್ಲಿದೆ, ನಮಗೆ ಸೈಜುಗಲ್ಲು, ಚಪ್ಪಡಿ ಇದೆ. ಸುತ್ತಲಿನ ಐದು ಮೈಲಿಯೊಳಗೆ ಸಿಗುವ ಸಾಮಾನಿನಿಂದಲೇ ಮನೆ ಕಟ್ಟಬೇಕು ಅಂತ ಗಾಂಧೀಜಿ ಹೇಳಿದ ಮಾತನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಜೀವನವಿಡೀ ಪಾಲಿಸಿದರು. ಇವತ್ತಿನ ಬೆಂಗಳೂರಿನಲ್ಲಿ ಐದು ಮೈಲಿ ಕಷ್ಟ, ಒಪ್ಪೋಣ. ಆದರೆ ಗುಜರಾತಿನ ಮೋರ್ಬಿಯಿಂದ ಲಾರಿ ಹತ್ತಿ ಬರುವ ಟೈಲ್ಸೇ ನೆಲಕ್ಕೆ ಬೇಕು ಅನ್ನುವುದು ಯಾಕೆ? ಚೆನ್ನಾಗಿ ಉಜ್ಜಿದ ರೆಡ್ ಆಕ್ಸೈಡ್ ನೆಲದಲ್ಲಿ ಬೇಸಿಗೆ ಮಧ್ಯಾಹ್ನ ಒಮ್ಮೆ ಮಲಗಿದವರು ಅದನ್ನು ಮರೆಯುವುದಿಲ್ಲ. ಕೆಲಸ ಬಲ್ಲ ಗಾರೆಯವರು ಕಡಿಮೆಯಾಗುತ್ತಿದ್ದಾರೆ, ಹುಡುಕಬೇಕು. ಸಿಕ್ಕರೆ ಬಿಡಬಾರದು.

ಮೇಷ್ಟ್ರು ಇದನ್ನೆಲ್ಲ ಒಪ್ಪುವವರಲ್ಲ. ‘ಇದೆಲ್ಲ ದುಡ್ಡಿದ್ದೋರ ಶೋಕಿ ಕಣ್ರೀ. ಬಡವ ಸಿಮೆಂಟು ಮನೆಗೆ ಆಸೆಪಟ್ರೆ ನೀವು ಮಣ್ಣು ತೋರಿಸ್ತೀರ. ಮಣ್ಣಿನ ಮನೆಯಿಂದ ಆಚೆ ಬರೋಕೆ ನಮ್ಮಪ್ಪ ಎಷ್ಟು ಕಷ್ಟಪಟ್ಟ ಗೊತ್ತಾ?’ ಅಂದರು. ಈ ಮಾತಿಗೆ ತೂಕವಿದೆ. ಮಳೆಗಾಲದಲ್ಲಿ ಸೋರುವ, ಗೆದ್ದಲು ಹತ್ತುವ ಗೋಡೆಯ ಪಕ್ಕ ಬೆಳೆದವರಿಗೆ ಆರ್‌ಸಿಸಿ ಅಂದರೆ ಮರ್ಯಾದೆ, ನೆಮ್ಮದಿಯ ನಿದ್ದೆ. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನಾನು ಅವರಿಗೆ ಹೇಳಿದ್ದಿಷ್ಟು: ಸಿಮೆಂಟು ಬೇಡ ಅಂತಲ್ಲ, ಬೇಕಾದ ಕಡೆ ಬೇಕಾದಷ್ಟು ಹಾಕೋಣ. ಆರ್‌ಸಿಸಿ ತಾರಸಿಯ ಕೆಳಗಿನ ಅರ್ಧ ಭಾಗದ ಕಾಂಕ್ರೀಟು ಭಾರ ಹೊರುವುದರಲ್ಲಿ ಹೆಚ್ಚೇನೂ ಪಾಲು ತಗೊಳ್ಳುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಆ ಜಾಗದಲ್ಲಿ ಕಬ್ಬಿಣದ ಚೌಕಗಳ ನಡುವೆ ಹಳೆಯ ಮಂಗಳೂರು ಹೆಂಚು ಜೋಡಿಸಿದರೆ ಕಾಂಕ್ರೀಟು ಉಳಿಯುತ್ತದೆ, ಮನೆಯೊಳಗೆ ಕಾವೂ ಕಡಿಮೆಯಾಗುತ್ತದೆ. ಇದಕ್ಕೆ ಫಿಲ್ಲರ್ ಸ್ಲ್ಯಾಬ್ ಅಂತಾರೆ. ಬೇಕರ್ ಕೇರಳದಲ್ಲಿ ಬಡವರ ಮನೆಗಳಿಗೂ ಇದನ್ನು ಬಳಸಿದರು. ಇಟ್ಟಿಗೆಯನ್ನೇ ಕಟ್ಟುವುದಾದರೂ ಅಡ್ಡ ಮಲಗಿಸುವ ಬದಲು ಮಗ್ಗುಲಿಗೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್ ಬಾಂಡ್’ ಇದೆ. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಇದರಲ್ಲಿ ಶೋಕಿ ಎಲ್ಲಿದೆ? ಎಂಜಿನಿಯರು ಲೆಕ್ಕ ಹಾಕಿ ಕೊಡಬೇಕು, ಮೇಸ್ತ್ರಿ ಒಪ್ಪಬೇಕು, ಅಷ್ಟೇ.

ಮೇಸ್ತ್ರಿ ಒಪ್ಪುವುದೇ ಇಲ್ಲಿ ದೊಡ್ಡ ತೊಡಕು. ಅವನ ಕೂಲಿ ಚದರದ ಲೆಕ್ಕ. ಹೊಸ ಪದ್ಧತಿಯಲ್ಲಿ ಮೊದಲ ವಾರ ಕೆಲಸ ನಿಧಾನ. ಆ ನಷ್ಟವನ್ನು ಅವನ ತಲೆಗೆ ಕಟ್ಟಿ ‘ಪರಿಸರ ಉಳಿಸಿ’ ಅಂದರೆ ಅನ್ಯಾಯ. ಆ ಒಂದು ವಾರಕ್ಕೆ ದಿನಗೂಲಿ ಕೊಡಿ ಅಂತ ಆ ಹುಡುಗಿಗೆ ಹೇಳಿದೆ. ಕೈಗೆ ಕೆಲಸ ಕೂತ ಮೇಲೆ ನಮ್ಮ ಮೇಸ್ತ್ರಿಗಳಷ್ಟು ಚೆನ್ನಾಗಿ ಮಾಡುವವರನ್ನು ನಾನು ಬೇರೆ ಕಡೆ ನೋಡಿಲ್ಲ.

ನೀರಿನ ವಿಷಯಕ್ಕೆ ಬಂದರೆ ಮೇಷ್ಟ್ರೂ ನಾನೂ ಒಂದೇ ಪಕ್ಷ. 2024ರ ಬೇಸಿಗೆಯ ನೀರಿನ ಬರವನ್ನು ಈ ಊರಿನಲ್ಲಿ ಯಾರು ಮರೆತಾರು? ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ, ಗಾಡಿ ತೊಳೆಯಲು ಬಳಸಬಾರದು ಅಂತ ಆಜ್ಞೆ ಹೊರಡಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಅಂದರು. ಬರಲಿ, ಒಳ್ಳೆಯದೇ. ಆದರೆ ನಮ್ಮ ತಲೆಯ ಮೇಲೇ ಬೀಳುವುದರ ಲೆಕ್ಕ ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವರ್ಷದ ಸರಾಸರಿ ಮಳೆ 950 ಮಿಲಿಮೀಟರಿಗೂ ಹೆಚ್ಚು. ಹತ್ತು ಚದರದ ತಾರಸಿ ಅಂದರೆ ಹೆಚ್ಚೂಕಡಿಮೆ 93 ಚದರ ಮೀಟರ್. ಚೆಲ್ಲಿದ್ದು, ಆವಿಯಾದದ್ದು ಕಳೆದರೂ ವರ್ಷಕ್ಕೆ 70 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರು ಹೆಚ್ಚೂಕಡಿಮೆ ಹನ್ನೆರಡು ಸಲ ಬಂದು ಸುರಿಯುವಷ್ಟು. ಇಲ್ಲಿನ ವಿಜಯನಗರ ಬಡಾವಣೆಯಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಲ್ಲಿ ಕಟ್ಟಿದ ಮನೆಗೆ ನಲ್ಲಿ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿದರು. 2009ರಲ್ಲಿ ಕಾನೂನೂ ಬಂತು, 30×40ರ ಸೈಟಿನ ಹೊಸ ಮನೆಗೂ ಮಳೆಕೊಯ್ಲು ಕಡ್ಡಾಯ. ಕಾನೂನಿಗೆ ಹೆದರಿ ಒಂದು ಪೈಪು ಇಳಿಬಿಟ್ಟು ಫೋಟೊ ತೆಗೆಸುವವರೂ ಇದ್ದಾರೆ. ಆ ಪೈಪು ಚರಂಡಿಗೆ ಹೋಗಿ ಸೇರಿರುತ್ತದೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

‘ಸಂಪು ತುಂಬಿದ ಮೇಲೆ ಉಳಿದ ನೀರು ಏನ್ ಮಾಡೋದು ಅಂಕಲ್?’ ಅಂತ ಕೇಳಿದಳು. ಇಂಗುಬಾವಿ ತೋಡಿಸು ಅಂದೆ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟು ರಿಂಗು, ತಳಕ್ಕೆ ಮಾತ್ರ ಕಾಂಕ್ರೀಟು ಹಾಕಬಾರದು. ಬೆಂಗಳೂರಿಗೆ ಇಂಥ ಹತ್ತು ಲಕ್ಷ ಬಾವಿ ಬೇಕು ಅಂತ ಜಲತಜ್ಞ ಎಸ್. ವಿಶ್ವನಾಥ್ ಅವರು ಸಾರುತ್ತಲೇ ಇದ್ದಾರೆ. ತೋಡುವ ಕೈಗಳೂ ಇಲ್ಲೇ ಇವೆ: ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಬೋವಿ ಸಮುದಾಯದವರು. ಬೋರ್‌ವೆಲ್ಲು ಬಂದು ಅವರ ಕಸುಬನ್ನು ಕಿತ್ತುಕೊಂಡಿತ್ತು. ಇಂಗುಬಾವಿಯಿಂದ ಅವರಿಗೆ ಮತ್ತೆ ಕೆಲಸ ಬರುತ್ತಿದೆ ಅನ್ನುವುದು ನನಗೆ ನೀರಿನಷ್ಟೇ ದೊಡ್ಡ ಸಮಾಧಾನ. ತಾರಸಿ ಗುಡಿಸಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಲು ಪೈಪಿನ ಬುಡದಲ್ಲಿ ಒಂದು ಮುಚ್ಚಳ ಇಡುವುದನ್ನು ಮಾತ್ರ ಮರೆಯಬಾರದು.

ಬಿಸಿಲಿನ ಚರ್ಚೆಯೂ ಒಂದು ಸಂಜೆ ಪೂರ್ತಿ ನಡೆಯಿತು. ನಕ್ಷೆಯಲ್ಲಿ ಮಲಗುವ ಕೋಣೆ ನೈಋತ್ಯಕ್ಕೆ, ಪಶ್ಚಿಮದ ಗೋಡೆಗೆ ಎರಡು ದೊಡ್ಡ ಕಿಟಕಿ. ‘ಎಸಿ ಹಾಕಿಸ್ತೀವಿ’ ಅಂದ ಆಕೆಯ ಗಂಡ. ನಮ್ಮ ಪಶ್ಚಿಮದ ಗೋಡೆಗೆ ಸಂಜೆ ಆರಕ್ಕೆ ಅವನ ಅಂಗೈ ಇಡಿಸಿದೆ. ಇನ್ನೂ ಸುಡುತ್ತಿತ್ತು. ಆ ಕಾವು ರಾತ್ರಿ ಹನ್ನೊಂದರವರೆಗೂ ಒಳಗೆ ಇಳಿಯುತ್ತಿರುತ್ತದೆ, ಮಲಗುವ ಹೊತ್ತಿಗೆ ಸರಿಯಾಗಿ. ದಕ್ಷಿಣದ ಬಿಸಿಲು ಅಷ್ಟು ತೊಂದರೆ ಕೊಡುವುದಿಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜೆ ಸಾಕು. ಪಶ್ಚಿಮದ ಇಳಿಬಿಸಿಲು ಸಜ್ಜೆಯ ಕೆಳಗಿನಿಂದಲೇ ನುಗ್ಗುತ್ತದೆ. ಅದಕ್ಕೆ ಮದ್ದು ಮೆಟ್ಟಿಲು, ಬಚ್ಚಲು, ವಾರ್ಡ್‌ರೋಬುಗಳನ್ನು ಆ ಕಡೆಗೆ ತಳ್ಳುವುದು, ಇಲ್ಲವೇ ಒಂದು ಹೊಂಗೆ ಮರ. ವಾಸ್ತು ಬಿಡಲಾರೆವು ಅಂದರು. ಸರಿ, ಕೋಣೆ ಅಲ್ಲೇ ಇರಲಿ, ಕಿಟಕಿಯನ್ನು ದಕ್ಷಿಣಕ್ಕೆ ತಿರುಗಿಸಿ ಅಂದೆ. ಅದಕ್ಕೆ ಆಕೆಯ ಅತ್ತೆಯೂ ತಲೆದೂಗಿದರು.

ಸೋಲಾರಿನ ವಿಷಯದಲ್ಲಿ ಮೇಷ್ಟ್ರ ವಾದ ಗಟ್ಟಿ: ‘200 ಯೂನಿಟ್‌ವರೆಗೆ ಗೃಹಜ್ಯೋತಿಯ ಉಚಿತ ಕರೆಂಟು ಇರುವಾಗ ತಾರಸಿ ಮೇಲೆ ಲಕ್ಷಾಂತರ ಯಾಕೆ ಸುರೀಬೇಕು?’ 3 ಕಿಲೋವ್ಯಾಟಿಗೆ ಕೇಂದ್ರದ 78,000 ರೂಪಾಯಿ ಸಬ್ಸಿಡಿ ಇದ್ದರೂ ಚಿಕ್ಕ ಸಂಸಾರಕ್ಕೆ ಅದು ಕೂಡಲೇ ಬೇಕಿಲ್ಲ ಅಂತ ನಾನೂ ಒಪ್ಪುತ್ತೇನೆ. ಈಗ ವೈರು ಎಳೆಯಲು ಒಂದು ಖಾಲಿ ಪೈಪು ಗೋಡೆಯಲ್ಲಿ ಬಿಟ್ಟಿರಲಿ. ನೀರು ಕಾಯಿಸುವ ಸೋಲಾರು ಮಾತ್ರ ಮೊದಲ ದಿನದಿಂದಲೇ ಬೇಕು, ಅದೂ ಬಚ್ಚಲಿನ ನೇರ ಮೇಲೆ. ದೂರ ಇಟ್ಟರೆ ಬಿಸಿನೀರು ಬರುವಷ್ಟರಲ್ಲಿ ದಿನಾ ಬೆಳಿಗ್ಗೆ ಬಕೆಟ್ಟುಗಟ್ಟಲೆ ತಣ್ಣೀರು ಮೋರಿ ಪಾಲು.

ಇಷ್ಟೆಲ್ಲ ಮಾತಾಡಿದ ಮೇಲೂ ನಾನು ಆ ದಂಪತಿಗೆ ಒತ್ತಿ ಹೇಳಿದ್ದು ಬೇರೆ. ಮೂರನೇ ಮಹಡಿಯ ಬಾಡಿಗೆಮನೆ, ವರ್ಷಕ್ಕೆರಡು ಸಲ ಬರುವ ನೆಂಟರಿಗೊಂದು ಕೋಣೆ, ಕೋಣೆಗೊಂದು ಬಚ್ಚಲು, ಇವುಗಳಲ್ಲಿ ಯಾವುದನ್ನು ಬಿಡಬಹುದು ನೋಡಿ. ಕಟ್ಟದೇ ಬಿಟ್ಟ ಒಂದು ಚದರದಲ್ಲಿ ಉಳಿಯುವ ಸಿಮೆಂಟು, ಕಬ್ಬಿಣ, ಮರಳು, ಸಾಲದ ಕಂತು ಇವಿಷ್ಟನ್ನು ಯಾವ ಹಸಿರು ಸಾಮಾನೂ ಉಳಿಸಿಕೊಡಲಾರದು. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅವರು ಇಪ್ಪತ್ತೆರಡು ಚದರದಿಂದ ಹದಿನಾರಕ್ಕೆ ಇಳಿದಿದ್ದಾರೆ. ಉಳಿದ ದುಡ್ಡು ಇಂಗುಬಾವಿಗೆ ಒದಗಿತು. ಸೆಟ್‌ಬ್ಯಾಕಿನ ಜಾಗಕ್ಕೆ ಸಿಮೆಂಟು ಬಳಿಯದೆ ಮಣ್ಣು ಹಾಗೇ ಬಿಡುತ್ತಾರಂತೆ. ನುಗ್ಗೆ ಕಡ್ಡಿ ನಾನು ಕೊಡುತ್ತೇನೆ.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಗೋಡೆಗೆ ಪ್ಲಾಸ್ಟರಿಂಗ್ ಆಗುವ ಮುಂಚೆ ಪ್ಲಂಬರ್ ಬಂದು ಪೈಪು ಕೂರಿಸುತ್ತಾನೆ. ಅವತ್ತು ಕೆಲಸಕ್ಕೆ ರಜೆ ಹಾಕಿ ಸೈಟಿನಲ್ಲೇ ಇರಿ. ಸ್ನಾನದ, ಬಟ್ಟೆ ಒಗೆಯುವ ನೀರಿಗೆ ಒಂದು ಪೈಪು, ಪಾಯಿಖಾನೆಗೆ ಬೇರೆ ಪೈಪು ಹಾಕಿಸಿ. ಆ ದಿನ ಬೇರ್ಪಟ್ಟ ನೀರು ನಿಮ್ಮ ಬಾಳೆಗಿಡಕ್ಕೆ ಹೋಗುತ್ತದೆ. ಗೋಡೆ ಮುಚ್ಚಿದ ಮೇಲೆ ಅದನ್ನು ಬೇರ್ಪಡಿಸಬೇಕಾದರೆ ಮನೆ ಒಡೆಯಬೇಕು.