ತಿಪ್ಪಣ್ಣನ ಮೊಮ್ಮಗ ರೇಯಾಂಶ್

ಈಚಿನ ನಾಮಕರಣದ ಆಹ್ವಾನ ಪತ್ರಿಕೆಗಳಲ್ಲಿ ಮಗುವಿನ ಹೆಸರಿನ ಕೆಳಗೇ ಅದರ ಅರ್ಥವನ್ನೂ ಅಚ್ಚು ಹಾಕಿಸುವ ರೂಢಿ ಶುರುವಾಗಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೇನೇನು ಬೆರೆಸಿದೆ ಎಂದು ಬರೆದಿರುತ್ತಾರಲ್ಲ, ಹಾಗೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ನಿಜ. ಮಗುವಿನ ತಾತನಿಗಂತೂ ಬರೆದರೂ ಗೊತ್ತಾಗುವುದಿಲ್ಲ.

ತಾತನ ಹೆಸರು ತಿಪ್ಪಣ್ಣ ಎಂದಿಟ್ಟುಕೊಳ್ಳಿ. ಆ ಹೆಸರಿಗೆ ಅಡಿಟಿಪ್ಪಣಿ ಬೇಕಿರಲಿಲ್ಲ. ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಇದೊಂದಾದರೂ ದಕ್ಕಲಿ ಎಂದು ಹೆತ್ತವಳು ಹಸಿಗೂಸನ್ನು ತಿಪ್ಪೆಯ ಮೇಲೆ ಮಲಗಿಸಿದಳು, ಇನ್ನೊಬ್ಬರ ಕೈಯಲ್ಲಿ ಎತ್ತಿಸಿಕೊಂಡಳು, ‘ಇದು ನನ್ನದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು’ ಎಂದು ಯಮನಿಗೆ ಕೇಳುವಂತೆ ಸುಳ್ಳು ಹೇಳಿದಳು. ಗುಂಡ, ಕಲ್ಲ, ಕಾಡ, ಹುಚ್ಚ, ಎಷ್ಟೋ ಮನೆಗಳಲ್ಲಿ ಇವೂ ಇದೇ ಉಪಾಯದ ಹೆಸರುಗಳು. ಹೆಸರು ಕೇಳಿಯೇ ಯಮನಿಗೆ ಹೇಸಿಗೆಯಾಗಿ ಮುಂದಿನ ಮನೆಗೆ ಹೋಗಬೇಕು. ಎಚ್. ತಿಪ್ಪೇರುದ್ರಸ್ವಾಮಿ ಹೆಸರಿನಲ್ಲಿ ತಿಪ್ಪೆ ಇಟ್ಟುಕೊಂಡೇ ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ ಬರೆದರು, 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಪ್ರಶಸ್ತಿ ಕೊಟ್ಟವರು ಮೂಗು ಮುಚ್ಚಿಕೊಳ್ಳಲಿಲ್ಲ.

ಈಗ ಮೊಮ್ಮಗ. ಹೆಸರು ರೇಯಾಂಶ್. ಅರ್ಥ: ಬೆಳಕಿನ ಕಿರಣ, ವಿಷ್ಣುವಿನ ಅಂಶ. ಭಾಷೆ ಯಾವುದು ಎಂದು ಅಪ್ಪನನ್ನು ಕೇಳಿದರೆ ‘ಪ್ಯೂರ್ ಸ್ಯಾನ್‌ಸ್ಕ್ರಿಟ್ ಅಂಕಲ್’ ಎನ್ನುತ್ತಾನೆ. ಕಿರಣಕ್ಕೆ ‘ರೇ’ ಎನ್ನುವುದು ಇಂಗ್ಲಿಷಿನಲ್ಲಿ. ಸಂಸ್ಕೃತದಲ್ಲಿ ಕಿರಣಕ್ಕೆ ‘ಅಂಶು’ ಎನ್ನುತ್ತಾರೆ, ‘ಅಂಶ’ ಎಂದರೆ ಪಾಲು. ಹಾಗಾದರೆ ಸಂಸ್ಕೃತದಲ್ಲಿ ‘ರೇ’ ಇಲ್ಲವೇ? ಧಾರಾಳವಾಗಿ ಇದೆ. ಬಯಲಾಟದಲ್ಲಿ ಭೀಮ ಗದೆ ಎತ್ತಿಕೊಂಡು ‘ರೇ ರೇ’ ಎಂದು ದುಶ್ಶಾಸನನ ಮೇಲೆ ಬೀಳುತ್ತಾನಲ್ಲ, ಅದೇ ರೇ. ಪಂಡಿತರ ಕೈಗೆ ಕೊಟ್ಟರೆ ರೇಯಾಂಶ್ ಎಂದರೆ ‘ಎಲವೋ ಪಾಲೇ’ ಎಂದಾಗುತ್ತದೆ. ಆಸ್ತಿ ಭಾಗವಾಗುವ ದಿನ ಅಣ್ಣತಮ್ಮಂದಿರು ಕೂಗಾಡಲು ಒಳ್ಳೆಯ ಹೆಸರು.

ಅನಿಕಾ ಎಂಬ ಹೆಣ್ಣುಮಗುವಿನ ಪತ್ರಿಕೆಯಲ್ಲಿ ‘ದುರ್ಗೆಯ ಇನ್ನೊಂದು ಹೆಸರು’ ಎಂದಿರುತ್ತದೆ. ನಿಘಂಟಿನಲ್ಲಿ ಸಿಗುವುದು ಅನೀಕ, ಸೈನ್ಯ. ತೊಟ್ಟಿಲಲ್ಲಿ ಮಲಗಿರುವುದು ಒಂದು ಪದಾತಿದಳ. ರಾತ್ರಿ ಎರಡು ಗಂಟೆಗೆ ಎದ್ದು ಅಳುವಾಗ ಈ ಅರ್ಥ ಹೆತ್ತವರಿಗೆ ಹೊಳೆಯಲೂಬಹುದು. ಕಿಯಾರಾ ಇನ್ನೂ ಸೊಗಸು. ಐರ್ಲೆಂಡಿನ ದಾರಿಯಲ್ಲಿ ಬಂದರೆ ಅದರ ಮೂಲಕ್ಕೆ ಕಪ್ಪು ಎಂದರ್ಥ, ಇಟಲಿಯ ದಾರಿಯಲ್ಲಿ ಬಂದರೆ ಬೆಳಕು, ತಿಳಿ. ನಮ್ಮೂರಿಗೆ ಮಾತ್ರ ಅದು ಮುಂಬಯಿಯಿಂದ, ಹಿಂದಿ ಸಿನಿಮಾದ ದಾರಿಯಲ್ಲಿ ಬಂತು. ಐರ್ಲೆಂಡಿನ ಲೆಕ್ಕ ಹಿಡಿದರೆ ಕಿಯಾರಾ ಎಂದರೆ ನಮ್ಮ ಕರಿಯಮ್ಮನೇ. ಮುತ್ತಜ್ಜಿಯ ಹೆಸರನ್ನೇ ಇಟ್ಟಿದ್ದೀರಿ ಎಂದು ಮನೆಯವರಿಗೆ ಹೇಳಿ ನೋಡಿ, ಆ ಸಂಜೆಯೇ ಹೆಸರು ಬದಲಾಗುತ್ತದೆ.

ಇದು ನಮ್ಮ ದೊಡ್ಡ ಕಾಯಿಲೆ. ಕರಿಯ ಎಂದರೆ ನಾಚಿಕೆ, ಕೃಷ್ಣ ಎಂದರೆ ಭಕ್ತಿ, ಶ್ಯಾಮ ಎಂದರೆ ಕಾವ್ಯ, ಮೂರೂ ಕಪ್ಪೇ. ಬಿಳಿಯಪ್ಪನಿಗೆ ಸಂಸ್ಕೃತದ ಅಂಗಿ ತೊಡಿಸಿದರೆ ಅರ್ಜುನನಾಗುತ್ತಾನೆ. ಬೆಟ್ಟಮ್ಮ ಹಳ್ಳಿಯವಳು, ಪರ್ವತದ ಮಗಳು ಪಾರ್ವತಿ ಎಲ್ಲಿದ್ದರೂ ಸರಿ. ನಂಜುಂಡನೂ ನೀಲಕಂಠನೂ ಕುಡಿದದ್ದು ಒಂದೇ ವಿಷ. ವೃಷಭ ಸವೆದು ಕನ್ನಡದ ಬಾಯಲ್ಲಿ ಬಸವನಾದ. ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ಆ ಹೆಸರನ್ನು ಮನೆಮನೆಯಲ್ಲಿ ಕೂಗಿದ ನಾಡಿನಲ್ಲಿ ಈಗ ಬಸವ ಹಳಬನಾದ, ಋಷಭ್ ಬಂದ. ಅವನೂ ಹೋರಿಯೇ. ಕೆಂಪನದೂ ಅದೇ ಕಥೆ. ಲೋಹಿತ್, ರೋಹಿತ್, ಅರುಣ್ ಎಲ್ಲರೂ ಬಣ್ಣದಲ್ಲಿ ಅವನ ದಾಯಾದಿಗಳು. 2013ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟು ಚಪ್ಪಾಳೆ ತಟ್ಟಿದೆವು. ಅಲ್ಲಿಂದ ಹಾರುವ ಯಾವ ವಿಮಾನದಲ್ಲಾದರೂ ಐದು ವರ್ಷದ ಕೆಂಪನೊಬ್ಬ ಕಿಟಕಿ ಪಕ್ಕ ಕೂತಿದ್ದರೆ ನನಗೆ ತಿಳಿಸಿ. ನಿಲ್ದಾಣಕ್ಕೆ ಸಲ್ಲುವ ಹೆಸರು ಮಗುವಿಗೆ ಸಲ್ಲುವುದಿಲ್ಲ.

ಹಳೆಯ ಹೆಸರು ಬರಿಯ ಅರ್ಥವಾಗಿರಲಿಲ್ಲ, ವಿಳಾಸವೂ ಆಗಿತ್ತು. ಅಂಚೆ ಇಲಾಖೆ ಪಿನ್‌ಕೋಡ್ ತಂದದ್ದು 1972ರಲ್ಲಿ. ಅದಕ್ಕೂ ಮುಂಚೆ ನಾವು ಮನುಷ್ಯರ ಮೇಲೆಯೇ ಪಿನ್‌ಕೋಡ್ ಬರೆದುಕೊಂಡಿದ್ದೆವು. ಗವಿಸಿದ್ದಪ್ಪ ಎಂದರೆ ಕೊಪ್ಪಳ. ಹುಲಿಗೆಮ್ಮ ಎಂದರೆ ಅಲ್ಲೇ ಪಕ್ಕದ ಹುಲಿಗಿ. ಶರಣಬಸಪ್ಪ ಕಲಬುರಗಿಯವನು, ಯಲ್ಲವ್ವ ಸವದತ್ತಿ ಗುಡ್ಡದವಳು, ಕೊಟ್ರೇಶ ಕೊಟ್ಟೂರಿನವನು, ಉಳವಪ್ಪನ ಮನೆಯವರು ಒಮ್ಮೆಯಾದರೂ ಉಳವಿಯ ಕಾಡಿಗೆ ಗಾಡಿ ಕಟ್ಟಿದವರು. ತಿಪ್ಪೇಸ್ವಾಮಿ ಎಂದೊಡನೆ ನಾಯಕನಹಟ್ಟಿಯ ತೇರು ಕಣ್ಣಿಗೆ ಬರುತ್ತದೆ. ಮಾದ, ನಂಜ, ರಾಚ, ಸಿದ್ದ ಎಂದು ನಾಲ್ಕು ಸಲ ಕೂಗಿದರೆ ಚಾಮರಾಜನಗರದ ಕಡೆಯ ಅರ್ಧ ಬೀದಿ ಹೊರಗೆ ಬರುತ್ತಿತ್ತು. ಈಗಿನ ವಿಯಾನ್, ಕಿಯಾನ್, ರಿಯಾನ್‌ಗಳನ್ನು ಕೂಗಿದರೆ ಗುರುಗ್ರಾಮದಿಂದ ನ್ಯೂಜೆರ್ಸಿಯವರೆಗಿನ ಅಪಾರ್ಟ್‌ಮೆಂಟುಗಳ ಬಾಗಿಲು ಒಟ್ಟಿಗೆ ತೆರೆಯುತ್ತವೆ. ‘ಯೂನಿಕ್ ಆಗಿರಬೇಕು’ ಎಂದು ಹುಡುಕಿಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ನಾಲ್ಕು ಸಲ ಬಂದಾಗ ಮೇಷ್ಟ್ರು ಹಳೆಯ ಮದ್ದಿಗೇ ಬರುತ್ತಾರೆ: ಉದ್ದ ವಿಯಾನ್, ಗಿಡ್ಡ ವಿಯಾನ್.

ಹಾಗೆಂದು ಹಳೆಯದಕ್ಕೆಲ್ಲ ಆರತಿ ಎತ್ತುವವನು ನಾನಲ್ಲ. ತುಳುನಾಡಿನಲ್ಲಿ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂದು ವಾರದ ಏಳೂ ದಿನಗಳ ಹೆಸರಿನವರಿದ್ದರು. ಕೇಳಲು ಚೆಂದ. ಆದರೆ ಈ ದಿನದ ಹೆಸರುಗಳು ಹೆಚ್ಚಾಗಿ ಬಿದ್ದದ್ದು ಗದ್ದೆಯಲ್ಲಿ ದುಡಿಯುವ ಜಾತಿಗಳ ಮಕ್ಕಳಿಗೆ. ನಾರಾಯಣ, ಗೋವಿಂದ ಧಣಿಗಳ ಜಗಲಿಯ ಮೇಲಿದ್ದರು. ಬಯಲುಸೀಮೆಯಲ್ಲಿ ಗೌಡನ ಮಗ ತಿಮ್ಮಪ್ಪನಾದರೆ ಜೀತದಾಳಿನ ಮಗ ಬರೀ ತಿಮ್ಮ. ಆ ‘ಅಪ್ಪ’ನನ್ನು ಕತ್ತರಿಸಲು ಕತ್ತಿ ಬೇಕಿರಲಿಲ್ಲ, ಕರೆಯುವ ಬಾಯಿ ಸಾಕಿತ್ತು. ಅಂಥ ಮನೆಯ ಮೊಮ್ಮಗಳು ಇಂದು ಅನಿಕಾ ಆದರೆ, ಕಿಯಾರಾ ಆದರೆ, ನನ್ನದೇನೂ ತಕರಾರಿಲ್ಲ, ನಿಘಂಟನ್ನೂ ಮುಚ್ಚಿಡುತ್ತೇನೆ. ಹಾಗಿದ್ದೂ ಸುಳ್ಯದಿಂದ ಆರು ಬಾರಿ ಗೆದ್ದು ಮಂತ್ರಿಯಾದ ಎಸ್. ಅಂಗಾರ ಆ ಹೆಸರಿನಲ್ಲೇ ವಿಧಾನಸೌಧದ ಮೆಟ್ಟಿಲು ಹತ್ತಿದರು. ನನ್ನ ತಕರಾರು ಜಗಲಿಯ ಮೇಲಿದ್ದವರ ಮೊಮ್ಮಕ್ಕಳ ಬಗ್ಗೆ. ಯಾರೂ ಕತ್ತರಿಸದ ಹೆಸರನ್ನು ತಾವೇ ಕತ್ತರಿಸಿಕೊಂಡು, ಅದಕ್ಕೆ ಸುಳ್ಳು ಸಂಸ್ಕೃತದ ತೇಪೆ ಹಾಕಿ, ಅದನ್ನೇ ಪರಂಪರೆ ಎಂದು ಪತ್ರಿಕೆಯಲ್ಲಿ ಹಾಕಿಸುವವರ ಬಗ್ಗೆ.

ಹೊಸ ಹೆಸರು ಇಡಲೇಬಾರದೇ? ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದಿಟ್ಟರು. ಅವರಿಗೆ ಸಂಸ್ಕೃತ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಗುತ್ತಿ, ಐತ, ಪೀಂಚಲು ಎಂಬ ಹೆಸರಿನವರನ್ನೇ ನೆಚ್ಚಿ ‘ಮಲೆಗಳಲ್ಲಿ ಮದುಮಗಳು’ ಬರೆಯುವುದೂ ಬರುತ್ತಿತ್ತು.

ಇನ್ನು ಜೋಯಿಸರ ಕಡೆ ಬನ್ನಿ. ಇಪ್ಪತ್ತೇಳು ನಕ್ಷತ್ರ, ತಲಾ ನಾಲ್ಕು ಪಾದ, ಒಟ್ಟು 108 ಅಕ್ಷರ. ಶಾಸ್ತ್ರ ಬಿಡಬಾರದು ಎನ್ನುವ ಸಾಫ್ಟ್‌ವೇರ್ ದಂಪತಿಗೆ ಆರಿದ್ರಾ ಮೂರನೆಯ ಪಾದದಲ್ಲಿ ಗಂಡುಮಗು ಹುಟ್ಟಿತೆನ್ನಿ. ಅಕ್ಷರ: ಙ. ಒಂದನೇ ಕ್ಲಾಸಿನ ಪಟದಲ್ಲೂ ಚಿತ್ರವಿಲ್ಲದೆ ಒಂಟಿಯಾಗಿ ನಿಂತಿದ್ದ ಆ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಹಸ್ತ ಮೂರನೆಯ ಪಾದದವರಿಗೆ ಣ, ಉತ್ತರಾಭಾದ್ರ ನಾಲ್ಕನೆಯವರಿಗೆ ಞ. ಆಗ ಶಾಸ್ತ್ರ ಬಹಳ ಉದಾರವಾಗುತ್ತದೆ. ಜನ್ಮನಾಮ ಬೇರೆ, ವ್ಯವಹಾರನಾಮ ಬೇರೆ, ಪಕ್ಕದ ಪಾದದ ಅಕ್ಷರವೂ ನಡೆಯುತ್ತದೆ, ದಕ್ಷಿಣೆ ಮಾತ್ರ ಪೂರ್ತಿ.

ಜೋಯಿಸರಿಂದ ಬಿಟ್ಟದ್ದನ್ನು ಸಂಖ್ಯಾಶಾಸ್ತ್ರದವರು ಹಿಡಿಯುತ್ತಾರೆ. ಸನಾತನ ವಿದ್ಯೆ ಎಂದು ಇವರು ಟೀವಿಯಲ್ಲಿ ಹೇಳುವ ಲೆಕ್ಕವನ್ನು ಜನಪ್ರಿಯ ಮಾಡಿದವನು ಕೀರೋ ಎಂಬ ಐರ್ಲೆಂಡಿನ ಹಸ್ತಸಾಮುದ್ರಿಕ. ಅವನ ಅಸಲಿ ಹೆಸರು ವಿಲಿಯಂ ಜಾನ್ ವಾರ್ನರ್. ಅದು ಓಡಲಿಲ್ಲವೆಂದು ತಾನೇ ಬದಲಿಸಿಕೊಂಡಿರಬೇಕು. ಲೆಕ್ಕ ನಡೆಯುವುದು ಇಂಗ್ಲಿಷಿನ 26 ಅಕ್ಷರಗಳಲ್ಲಿ ಮಾತ್ರ. ಕನ್ನಡದ ವರ್ಣಮಾಲೆಯ ಮೇಲೆ ಗ್ರಹಗಳಿಗೆ ಆಸಕ್ತಿಯಿಲ್ಲ. ಎಡೆಯೂರು ಸಿದ್ಧಲಿಂಗೇಶ್ವರನ ಹೆಸರು ಹೊತ್ತ ಯಡಿಯೂರಪ್ಪನವರು 2007ರಲ್ಲಿ ತಮ್ಮ ಇಂಗ್ಲಿಷ್ ಹೆಸರಿನಿಂದ ‘ಐ’ ತೆಗೆದು ಇನ್ನೊಂದು ‘ಡಿ’ ಸೇರಿಸಿದರು. ಆ ವರ್ಷದ ಸರ್ಕಾರ ಏಳು ದಿನ ಬಾಳಿತು, 2008ರದ್ದು ಮೂರು ವರ್ಷ ಚಿಲ್ಲರೆ. 2019ರಲ್ಲಿ ‘ಡಿ’ ಹೋಗಿ ‘ಐ’ ಮರಳಿತು. ಅದು ಎರಡು ವರ್ಷ. ಐದು ವರ್ಷದ ಅವಧಿ ಯಾವ ಸ್ಪೆಲ್ಲಿಂಗಿನಲ್ಲೂ ಮುಗಿಯಲಿಲ್ಲ. ಕನ್ನಡ ಪತ್ರಿಕೆ ಓದುವವರಿಗೆ ಮಾತ್ರ ಆ ಹನ್ನೆರಡು ವರ್ಷ ಏನೂ ಆಗಲೇ ಇಲ್ಲ. ಅಲ್ಲಿ ಹೆಸರು ಇದ್ದ ಹಾಗೇ ಇತ್ತು.

ಅರ್ಥ ಗೊತ್ತಿದ್ದು ಹೆಸರಿಡುವವರನ್ನು ಕಾಣಬೇಕೆಂದರೆ ಬಿಡದಿಯ ಹತ್ತಿರದ ಭದ್ರಾಪುರಕ್ಕೆ ಹೋಗಬೇಕು. ಅಲ್ಲಿನ ಹಕ್ಕಿಪಿಕ್ಕಿ ಜನರಲ್ಲಿ ಹೈಕೋರ್ಟ್, ಕಾಫಿ, ಮೈಸೂರ್‌ಪಾಕ್, ಗೂಗಲ್ ಎಂಬ ಹೆಸರಿನವರಿದ್ದಾರೆ. ಪತ್ರಿಕೆಯವರು ಹೋಗಿ ಫೋಟೋ ಹಿಡಿದು, ಬೆಂಗಳೂರಿನವರು ಓದಿ ನಕ್ಕರು. ನಗುವುದೇಕೆ? ಮೈಸೂರ್‌ಪಾಕ್ ಎಂದರೆ ಏನೆಂದು ಅದನ್ನಿಟ್ಟವರಿಗೂ ಗೊತ್ತು, ಕರೆಯುವವರಿಗೂ ಗೊತ್ತು. ಗೂಗಲಿನಲ್ಲಿ ಹುಡುಕಿ ಇಟ್ಟ ಹೆಸರಿಗಿಂತ ನೇರವಾಗಿ ಗೂಗಲ್ ಎಂದೇ ಇಡುವುದು ಪ್ರಾಮಾಣಿಕ. ಅಂದಹಾಗೆ, ಆ ಊರಿರುವ ಜಿಲ್ಲೆಯೇ 2025ರಲ್ಲಿ ರಾಮನಗರ ಎಂಬ ಹೆಸರು ಕಳಚಿ ಬೆಂಗಳೂರು ದಕ್ಷಿಣ ಆಯಿತು. ರಾಮನಿಗಿಂತ ಬೆಂಗಳೂರಿಗೆ ಸೈಟಿನ ದರ ಜಾಸ್ತಿ. ಹಕ್ಕಿಪಿಕ್ಕಿಗಳು ನಮ್ಮನ್ನು ನೋಡಿ ನಗಲು ಇಷ್ಟು ಸಾಕು.

ಇಷ್ಟೆಲ್ಲ ಮಾಡಿ ಇಟ್ಟ ಹೆಸರು ಒಂದು ದಿನ ಅಮೆರಿಕದ ವೀಸಾ ಕೇಳಲು ಹೋಗುತ್ತದೆ. ನಮಗೆ ಇನಿಷಿಯಲ್ ಉಂಟು, ಸರ್‌ನೇಮ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅದು ಸರ್‌ನೇಮಿನ ಕಲಂನಲ್ಲಿ ಕೂತಿದ್ದರೆ, ಮೊದಲ ಹೆಸರಿನ ಜಾಗದಲ್ಲಿ ಅವರು ಎಫ್‌ಎನ್‌ಯು ಎಂದು ಒತ್ತುತ್ತಾರೆ: ಮೊದಲ ಹೆಸರು ಗೊತ್ತಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಹಾಗಾದಾಗ ಅಲ್ಲಿನ ಆಫೀಸಿನಲ್ಲಿ ಎಲ್ಲರೂ ‘ಮಿಸ್ಟರ್ ತಿಪ್ಪಣ್ಣ’ ಎಂದು ಕರೆಯತೊಡಗುತ್ತಾರೆ. ಯಮನನ್ನು ದಾಟಿಸಿದ ಹೆಸರು ಇಮಿಗ್ರೇಷನ್ನನ್ನೂ ದಾಟಿಸುತ್ತದೆ.

ತೊಟ್ಟಿಲ ಶಾಸ್ತ್ರಕ್ಕೆ ದಿನ ಗೊತ್ತು ಮಾಡಿದವರಿಗೆ ಒಂದು ಮಾತು. ಹೆಸರಿನ ವಿಷಯಕ್ಕೆ ಗಂಡ ಹೆಂಡಿರು ಜಗಳವಾಡಿ, 2024ರ ಕೊನೆಯಲ್ಲಿ ಹುಣಸೂರಿನ ನ್ಯಾಯಾಲಯದಲ್ಲಿ ನ್ಯಾಯಾಧೀಶರೇ ಕೂಸಿಗೆ ನಾಮಕರಣ ಮಾಡಿಸಬೇಕಾಯಿತು. ಅಷ್ಟು ದೂರ ಹೋಗಬೇಡಿ. ಕಿಟೆಲ್ ನಿಘಂಟು 1894ರಿಂದಲೂ ಸಿಗುತ್ತಿದೆ, ಒಮ್ಮೆ ತೆರೆದು ನೋಡಿ. ಅವಸರವೂ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು; ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟು ಹೊತ್ತಿಗೆ ಮಗುವನ್ನೇ ಕೇಳಿದರಾಯಿತು.