ಎಂಟು ಲೀಟರಿನ ಉಳಿತಾಯ

ಹಳೆಯ ಡೀಸೆಲ್ ಕಾರು ಕೊಳ್ಳಹೊರಟವರು ಬಣ್ಣ ನೋಡುತ್ತಾರೆ, ಸೀಟು ಸವರುತ್ತಾರೆ, ಟೈರಿಗೊಂದು ಒದೆ ಕೊಡುತ್ತಾರೆ. ತಿಂಗಳಿಗೆ ತಾವೆಷ್ಟು ಓಡಿಸುತ್ತೇವೆಂಬ ಲೆಕ್ಕ ಮಾತ್ರ ಹಾಕುವುದಿಲ್ಲ. 500 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು 33 ಲೀಟರ್ ಕುಡಿದರೆ, 20 ಕೊಡುವ ಡೀಸೆಲ್ ಕಾರು 25 ಕುಡಿಯುತ್ತದೆ. ಉಳಿದ ಎಂಟು ಲೀಟರಿನ ದುಡ್ಡನ್ನು ಕೂಡಿಟ್ಟು ಕೂಡಿಟ್ಟು, ಟರ್ಬೊ ಕೈಕೊಟ್ಟ ದಿನ ಮೆಕ್ಯಾನಿಕ್‌ ಕೈಗಿಡಬೇಕು. ಬಿಎಸ್-6 ಹೊಗೆ ನಿಯಮದ ಗಾಡಿಯಾದರೆ ಇನ್ನೊಂದು ಫಜೀತಿ: ಮಲ್ಲೇಶ್ವರದಿಂದ ರಾಜಾಜಿನಗರಕ್ಕಷ್ಟೇ ಓಡಾಡಿದರೆ ಡಿಪಿಎಫ್ ಎಂಬ ಹೊಗೆಸೋಸಕ ಸಾಕಷ್ಟು ಬಿಸಿಯೇರದೆ ಮಸಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಡೀಸೆಲ್ಲೇ ಬೇಡವೇ? ವಾರವಾರವೂ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗಿಬರುವವರಿಗೆ ಬೇಕೇ ಬೇಕು. ಅಂಥವರಿಗೆ ಫಿಯೆಟ್ ಮೂಲದ 1248 ಸಿಸಿ ಎಂಜಿನ್ ಇದೆಯಲ್ಲ. ಸ್ವಿಫ್ಟ್, ಡಿಜೈರ್, ಕೆಲವು ಇಂಡಿಕಾ ವಿಸ್ಟಾ, ಪುಂಟೊ, ಎಲ್ಲದರ ಹೊಟ್ಟೆಯಲ್ಲೂ ಅದೇ. ಮಾರುತಿಯವರು 2020ರಲ್ಲಿ ಡೀಸೆಲ್ ಕಾರನ್ನೇ ಕೈಬಿಟ್ಟರಲ್ಲ, ರಿಪೇರಿಗೆ ಯಾರು ದಿಕ್ಕು ಎನ್ನಬಹುದು. ಆದರೆ ಅಷ್ಟೊಂದು ಟ್ಯಾಕ್ಸಿಗಳನ್ನು ಓಡಿಸಿದ ಆ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ಕನ್ನು ಹುಡುಕುವುದೇ ಕಷ್ಟ. ದೆಹಲಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಮಾತ್ರ ಹಿಗ್ಗಬೇಡಿ. ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಓಡೋಮೀಟರ್ ಹೇಳುವುದನ್ನಂತೂ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ.